ಬಂಗಾಳದ ಕಾಡಿನಲ್ಲಿ ಕಾಂಗರೂ ಇಲ್ಲ: ನಾನು ಹಂಚಿದ ವಿಡಿಯೋ ಬಗ್ಗೆ ಸ್ಪಷ್ಟನೆ

ರಸ್ತೆ ಬದಿ ಬಡಕಲು ಕಾಂಗರೂಗಳು ನಿಂತಿರುವ ವಿಡಿಯೋವೊಂದು "ನಮ್ಮ ಬಂಗಾಳದ ಕಾಡಿನಲ್ಲೂ ಕಾಂಗರೂ ಇವೆ" ಎಂಬ ಸಾಲಿನೊಂದಿಗೆ ಓಡಾಡುತ್ತಿದೆ. ಮೊನ್ನೆ ನಾನೂ ನೋಡದೆ ಮಾಡದೆ ಅದನ್ನು ಮನೆಯವರ ಗುಂಪಿಗೆ ಹಾಕಿಬಿಟ್ಟೆ. ವಿಡಿಯೋ ನಿಜ, ಸಾಲು ಸುಳ್ಳು. ಅವು 2022ರ ಏಪ್ರಿಲ್‌ನಲ್ಲಿ ಉತ್ತರ ಬಂಗಾಳದ ಜಲ್ಪಾಯ್‌ಗುರಿ, ಸಿಲಿಗುರಿ ಕಡೆ ಅರಣ್ಯ ಇಲಾಖೆ ರಕ್ಷಿಸಿದ ಪ್ರಾಣಿಗಳು. ಕಳ್ಳಸಾಗಣೆಯಲ್ಲಿ ಬಂದವು ಎಂಬ ಶಂಕೆ ಆಗಲೇ ಇತ್ತು. ಭಾರತದ ಯಾವ ಕಾಡೂ ಕಾಂಗರೂವಿನ ನೆಲೆಯಲ್ಲ.

ಅವುಗಳ ತವರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಅಲ್ಲೂ ಬರೀ ಮರುಭೂಮಿಯಲ್ಲ. ಕೆಂಪು ಕಾಂಗರೂ ಒಳನಾಡಿನ ಒಣ ಬಯಲಿನದು. ಪೂರ್ವದ ಬೂದು ಕಾಂಗರೂ ಕಾಡಂಚು, ಹುಲ್ಲುಗಾವಲುಗಳಲ್ಲಿ ಟಾಸ್ಮೇನಿಯಾದವರೆಗೂ ಇದೆ. ಊರಂಚಿನ ಗಾಲ್ಫ್ ಮೈದಾನವನ್ನೂ ಬಿಡುವುದಿಲ್ಲ! ವಾಲರೂ ಎಂಬ ಇನ್ನೊಂದು ಬಗೆಯ ಕಾಂಗರೂಗೆ ಕಲ್ಲುಗುಡ್ಡವೇ ಇಷ್ಟ. ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಮರಗಾಂಗರೂ. ನ್ಯೂಗಿನಿ ಮತ್ತು ಈಶಾನ್ಯ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನಲ್ಲಿ ಅದು ಎಲೆ ಮೇಯುತ್ತ ಹೆಚ್ಚಿನ ಹೊತ್ತು ಕೊಂಬೆ ಮೇಲೆಯೇ ಕಳೆಯುತ್ತದೆ. ಮರಗಾಂಗರೂಗಳಲ್ಲಿ ಆಸ್ಟ್ರೇಲಿಯಾದಲ್ಲಿರುವುದು ಎರಡೇ ಜಾತಿ, ಉಳಿದವೆಲ್ಲ ನ್ಯೂಗಿನಿಯವು.

ಆ ವಿಡಿಯೋ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಪಡೆದು ಈಗಾಗಲೇ ಕಳಿಸಿದ್ದವರು ಇದನ್ನೂ ಅಲ್ಲಿಗೇ ಕಳಿಸಿ.