ಅಪ್ಪಯ್ಯನ ಬ್ಯಾಟರಿ

ಬೆಂಗಳೂರಿಗೆ ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ "ಒಂದು ಬ್ಯಾಟರಿ ಕೊಡಿ" ಅಂದೆ. ಅಂಗಡಿಯವರು ಎರಡು ಪೆನ್ಸಿಲ್ ಶೆಲ್ಲು ತೆಗೆದು ಮುಂದಿಟ್ಟರು. "ಇದಲ್ಲ, ಬ್ಯಾಟರಿ" ಅಂದೆ. "ಇದೇ ಅಲ್ವಾ ಬ್ಯಾಟರಿ?" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮುಖ ಮುಖ ನೋಡಿಕೊಂಡೆವು. ತೀರ್ಥಹಳ್ಳಿ ಕಡೆಯ ನಮಗೆ ಕೈಯಲ್ಲಿ ಹಿಡಿಯುವುದು ಬ್ಯಾಟರಿ, ಅದರ ಹೊಟ್ಟೆಗೆ ಹಾಕುವುದು ಶೆಲ್ಲು. ಟಾರ್ಚ್ ಅನ್ನುವ ಮಾತು ಶಾಲೆಯ ಪುಸ್ತಕದಲ್ಲಿತ್ತು, ಮನೆಯಲ್ಲಿರಲಿಲ್ಲ.

ಮನೆಯಲ್ಲಿದ್ದದ್ದು ಅಪ್ಪಯ್ಯನ ಮೂರು ಶೆಲ್ಲಿನ ಬ್ಯಾಟರಿ. ಒಂದೂವರೆ ವೋಲ್ಟಿನ ಮೂರು ಸೇರಿ ನಾಲ್ಕೂವರೆ ವೋಲ್ಟು. ಈಗ ಹೇಳಿದರೆ ನಗು ಬರುತ್ತದೆ. ಆದರೆ 1980ರ ದಶಕದಲ್ಲಿ, ಕರೆಂಟಿಲ್ಲದ ನಮ್ಮೂರಲ್ಲಿ, ಅದರ ಬೆಳಕು ಎದುರಿನ ಗುಡ್ಡದ ನೆತ್ತಿ ಮುಟ್ಟುತ್ತದೆ ಅಂತ ನಾವು ಮಕ್ಕಳು ನಂಬಿದ್ದೆವು. ಬೆಳಕು ಕೆಂಪಗಾದರೆ ತಕ್ಷಣ ಹೊಸ ಶೆಲ್ಲು ತರುವ ಪದ್ಧತಿ ಇರಲಿಲ್ಲ. ಮೊದಲು ಅಂಗಳದ ಬಿಸಿಲಿಗೆ. ಮಳೆಗಾಲವಾದರೆ ಒಲೆಯ ದಂಡೆಗೆ. ಅವ್ವ ರೊಟ್ಟಿ ಸುಡುತ್ತಿದ್ದರೆ ಪಕ್ಕದಲ್ಲಿ ಮೂರು ಶೆಲ್ಲು ಚಳಿ ಕಾಯಿಸುತ್ತಾ ನಿಂತಿರುತ್ತಿದ್ದವು. ಬೆಚ್ಚಗಾದ ಮೇಲೆ ಇನ್ನೊಂದೆರಡು ರಾತ್ರಿಗೆ ಜೀವ ಬರುತ್ತಿತ್ತು.

ಅಪ್ಪಯ್ಯನಿಗೆ ಮನೆಯೊಳಗೆ ಕೂರುವುದು ಗೊತ್ತಿರಲಿಲ್ಲ. ಬೆಳಿಗ್ಗೆ ಗದ್ದೆ, ಮಧ್ಯಾಹ್ನ ತೋಟ, ಪೈರು ತೆನೆಗೆ ಬಂದರೆ ರಾತ್ರಿ ಹಂದಿ ಕಾಯಲು ಮಾಳ, ಅಂದರೆ ಗದ್ದೆಯ ಕಾವಲು ಅಟ್ಟಣೆ. ಮೈಮುರಿದು ದುಡಿಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಕೆಲಸ ಮುಗಿದ ಮೇಲೂ ಮತ್ತೆ ಹೊರಗೇ ಹೋಗುತ್ತಿದ್ದದ್ದು ನಮ್ಮ ಅಪ್ಪಯ್ಯ ಮಾತ್ರ. "ಸುಮ್ನೆ ಒಂದು ಸುತ್ತು ಹೋಗಿ ಬರ್ತೀನಿ" ಅನ್ನುತ್ತಿದ್ದ. "ಅಡಿಕೆ ಮರಕ್ಕೆ ಕಾಲು ಬಂದು ಓಡಿಹೋಗ್ತಾವಾ?" ಅಂತ ಅವ್ವ. ಅಷ್ಟರಲ್ಲಿ ನಾವು ಮೂವರು ಮಕ್ಕಳೂ ಅಪ್ಪಯ್ಯನ ಹಿಂದೆ ಅಂಗಳ ದಾಟಿರುತ್ತಿದ್ದೆವು.

ಮೃಗಶಿರ ಮಳೆ ಹಿಡಿದ ರಾತ್ರಿ ಹತ್ತುಮೀನಿಗೆ ಹೋಗುವುದು. ಹೊಸ ನೀರು ಬಂದರೆ ಹೊಳೆಯ ಮೀನು ಮೊಟ್ಟೆ ಇಡಲು ಪ್ರವಾಹಕ್ಕೆ ಎದುರಾಗಿ ಹಳ್ಳ ಹತ್ತಿ ಗದ್ದೆಯವರೆಗೂ ಬರುತ್ತದೆ. ಊರಿಗೆ ಊರೇ ಬ್ಯಾಟರಿ, ಕತ್ತಿ ಹಿಡಿದು ಇಳಿಯುತ್ತಿತ್ತು. ಅಪ್ಪಯ್ಯ ಒಂದು ಹೊತ್ತಿನ ಮೀನುಸಾರಿಗೆ ಆಗುವಷ್ಟು ಹಿಡಿದು "ಸಾಕು, ಬಸುರಿ ಮೀನು" ಅಂತ ವಾಪಸು ಹೊರಡುತ್ತಿದ್ದ. ಪಕ್ಕದ ಮನೆಯವರ ಬುಟ್ಟಿ ನೋಡಿ ನಮಗೆ ಹೊಟ್ಟೆ ಉರಿಯುತ್ತಿತ್ತು. ಇವತ್ತಿಗೂ ಸ್ವಲ್ಪ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಮಳೆಗೆ ಮೊದಲು ಮಿಣುಕುಹುಳದ ಕಾಲ. ಒಂದು ಮರಕ್ಕೆ ಮರವೇ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ನೋಡಲು ಅಪ್ಪಯ್ಯ ನಮ್ಮನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಬ್ಯಾಟರಿ ಆರಿಸಬೇಕು. ತಮ್ಮ ಒಮ್ಮೆ ಮರಕ್ಕೇ ಬೆಳಕು ಬಿಟ್ಟ. ಇಡೀ ಕೊಂಬೆ ಗಪ್‌ಚಿಪ್. "ಅವು ಹೆಣ್ಣು ಕರೀತಾ ಇವೆ ಮಾರಾಯ, ನಡುವೆ ನೀನ್ಯಾಕೆ ಬಾಯಿ ಹಾಕ್ತೀಯ?" ಅಂದ ಅಪ್ಪಯ್ಯ. ಗಂಡುಹುಳ ಮಿನುಗುವುದು ಹೆಣ್ಣಿಗಾಗಿ ಅಂತ ಕಾಲೇಜಿಗೆ ಬಂದ ಮೇಲೆ ಓದಿದೆ. ಅಪ್ಪಯ್ಯ ಓದಿದ್ದು ನಾಲ್ಕನೇ ಕ್ಲಾಸು.

ಗದ್ದೆಯ ಅಂಚಿನ ಮೇಲೆ ನಡೆಯುವಾಗ ಬ್ಯಾಟರಿ ಹಿಡಿಯುವುದಕ್ಕೂ ಒಂದು ಕ್ರಮ ಇತ್ತು. ಮುಂದೆ ಹೋಗುವವನೇ ಬ್ಯಾಟರಿ ಹಿಡಿದಿರುತ್ತಾನೆ, ಆದರೆ ಬೆಳಕು ಹಿಂದೆ ಬರುವವರ ಕಾಲಿಗೆ ಬೀಳಬೇಕು. ಅಪ್ಪಯ್ಯ ಕೈಯನ್ನು ಬೆನ್ನ ಹಿಂದೆ ತಿರುಗಿಸಿ, ತಾನು ಕತ್ತಲಲ್ಲೇ ಸರಸರ ನಡೆಯುತ್ತಿದ್ದ. ಕಾಲುಸಂಕ ಬಂದರೆ ನಿಂತು, ಒಬ್ಬೊಬ್ಬರನ್ನೇ ದಾಟಿಸುತ್ತಿದ್ದ. ಹಾಗಾಗಿ ನನ್ನ ಕಾಲು, ತಂಗಿಯ ಕಾಲು, ಅದಕ್ಕೆ ಹತ್ತಿದ ರಕ್ತ ಹೀರುವ ಉಂಬಳ ಎಲ್ಲ ನೆನಪಿದೆ. ಆ ರಾತ್ರಿಗಳ ಅಪ್ಪಯ್ಯ ಅಂದರೆ ಒಂದು ಕಂಬಳಿಕೊಪ್ಪೆ, ಒಂದು ದನಿ, ಅಷ್ಟೇ.

ಅಪ್ಪಯ್ಯನ ಕಾಲು ನೋಡಲು ಸಿಗುತ್ತಿದ್ದದ್ದು ಭತ್ತದ ಸಸಿ ನೆಡುವ ನಟ್ಟಿಯ ದಿನಗಳಲ್ಲಿ. ದಿನವಿಡೀ ಕೆಸರಲ್ಲಿ ನಿಂತು ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗುತ್ತಿತ್ತು. ರಾತ್ರಿ ಅವ್ವ ಗೋರಂಟಿ ಅರೆದು ಮೆತ್ತುತ್ತಿದ್ದಳು. ಅಪ್ಪಯ್ಯ ಜಗಲಿಯಲ್ಲಿ ಕಾಲು ಚಾಚಿಕೊಂಡು, ಒಣಗುವವರೆಗೆ ಎಲ್ಲಿಗೂ ಹೋಗಲಾಗದೆ ಕೂರುತ್ತಿದ್ದ. ಬೆಳಿಗ್ಗೆ ಹತ್ತು ಬೆರಳೂ ಕೆಂಪು. "ಮದುಮಗಳು, ಮದುಮಗಳು" ಅಂತ ನಾವು ಕುಣಿಯುತ್ತಿದ್ದೆವು.

ಎಷ್ಟೋ ವರ್ಷಗಳ ನಂತರ ಒಂದು ನವರಾತ್ರಿಗೆ ಊರಿಗೆ ಹೋಗಿದ್ದೆ. ಅಪ್ಪಯ್ಯನಿಗೆ ಎಪ್ಪತ್ತು ದಾಟಿತ್ತು. ಗದ್ದೆಗೆ ಇಳಿಯುವುದು ಪೂರ್ತಿ ಬಿಟ್ಟಿದ್ದೇನೆ, ಎಲ್ಲ ಆಳುಗಳದ್ದೇ ಕೆಲಸ ಅಂತ ಫೋನಲ್ಲಿ ಪ್ರತಿ ವಾರ ಹೇಳುತ್ತಿದ್ದ. ನೆಂಟರ ಮನೆಯಿಂದ ಬರುವಾಗ ಕತ್ತಲಾಯಿತು. ನಾನು ಮೊಬೈಲಿನ ಬೆಳಕು ಹಿಡಿದು ಮುಂದೆ ಹೊರಟೆ. ಸಂಕದ ಹತ್ತಿರ ಹಿಂದಿನಿಂದ ದನಿ ಬಂತು. "ಯಾರಿಗೆ ಹಿಡಿದೀಯೋ ಅದನ್ನ?"

ಹಿಂದಕ್ಕೆ ತಿರುಗಿಸಿದೆ. ಬೆಳಕು ಅಪ್ಪಯ್ಯನ ಪಾದದ ಮೇಲೆ ಬಿತ್ತು. ಹತ್ತೂ ಉಗುರು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಇನ್ನೂ ಕೆಂಪಗೆ. ನಟ್ಟಿ ಮುಗಿದು ಎರಡು ತಿಂಗಳಾಗಿತ್ತು, ಅಷ್ಟೇ.

ನಾನು ಏನೋ ಕೇಳಲು ಬಾಯಿ ತೆರೆದೆ. "ಅಲ್ಲೇ ನಿಂತು ಎಂಥ ನೋಡ್ತೀಯ, ನಡಿ" ಅಂದ ಅಪ್ಪಯ್ಯ.