ಸೋರ್ ದಡದ ಸ್ಥಾವರ, ಕೃಷ್ಣಾ ದಡದ ಸ್ಥಾವರ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ, ಸೋರ್ ನದಿಯು ಟ್ರೆಂಟ್ ನದಿಯನ್ನು ಕೂಡುವಲ್ಲಿಗೆ ಸಮೀಪದಲ್ಲಿರುವ ರ‍್ಯಾಟ್‌ಕ್ಲಿಫ್ ಶಾಖೋತ್ಪನ್ನ ಸ್ಥಾವರವು 2024ರ ಸೆಪ್ಟೆಂಬರ್ 30ರಂದು ಉತ್ಪಾದನೆ ನಿಲ್ಲಿಸಿತು. 1882ರಲ್ಲಿ ಲಂಡನ್ನಿನ ಹೋಲ್ಬರ್ನ್‌ನಲ್ಲಿ ಮೊದಲಾದ ಬ್ರಿಟನ್ನಿನ ಕಲ್ಲಿದ್ದಲ ವಿದ್ಯುತ್ತಿನ 142 ವರ್ಷಗಳ ಚರಿತ್ರೆ ಅಲ್ಲಿಗೆ ಮುಗಿಯಿತು. 1960ರ ದಶಕದಲ್ಲಿ ಕಟ್ಟಿದ ಈ ಸ್ಥಾವರದಲ್ಲಿ ತಲಾ 500 ಮೆಗಾವಾಟ್‌ನ ನಾಲ್ಕು ಘಟಕಗಳೂ ದೂರದಿಂದಲೇ ಕಾಣುವ ಎಂಟು ಶೈತ್ಯಗೋಪುರಗಳೂ ಇದ್ದವು.

ಇಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಮುಖ್ಯವಾಗಿ ತೋರುವುದು ಅದು ಮುಚ್ಚಿದ ರೀತಿ. 1984-85ರ ಗಣಿ ಕಾರ್ಮಿಕರ ಮುಷ್ಕರ ಮುರಿದುಬಿದ್ದ ಮೇಲೆ ಗಣಿಗಳನ್ನು ಒಂದೊಂದಾಗಿ ಮುಚ್ಚಿದಾಗ, ಅವನ್ನೇ ನಂಬಿದ್ದ ಊರುಗಳ ಮುಂದಿನ ಬದುಕಿನ ಬಗ್ಗೆ ಸರ್ಕಾರ ಸಾಕಷ್ಟು ಯೋಚಿಸಲಿಲ್ಲ. ಆ ಗಾಯ ಇನ್ನೂ ಮಾಸಿಲ್ಲ. ರ‍್ಯಾಟ್‌ಕ್ಲಿಫ್‌ನಲ್ಲಿ ಹಾಗಾಗಲಿಲ್ಲ. ಕಲ್ಲಿದ್ದಲ ಸ್ಥಾವರಗಳನ್ನೆಲ್ಲ ಮುಚ್ಚುವ ಇರಾದೆಯನ್ನು ಸರ್ಕಾರ 2015ರಲ್ಲೇ ಪ್ರಕಟಿಸಿದ್ದರಿಂದ, ಕಾರ್ಮಿಕ ಸಂಘಗಳಿಗೆ ಕಂಪನಿಯೊಂದಿಗೆ ಕೂತು ಮರುತರಬೇತಿ, ವರ್ಗಾವಣೆ, ಪರಿಹಾರಗಳನ್ನು ಮಾತಾಡಲು ವರ್ಷಗಟ್ಟಲೆ ಕಾಲ ದೊರೆಯಿತು, ಕೊನೆಯವರೆಗೂ ಉಳಿದಿದ್ದ ಸುಮಾರು 170 ಮಂದಿಯಲ್ಲಿ ಅನೇಕರಿಗೆ ಸ್ಥಾವರವನ್ನು ಕಳಚುವ ಕೆಲಸವೂ ಸಿಕ್ಕಿತು.

ನಮ್ಮ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 1985ರಿಂದ ಉರಿಯುತ್ತಿರುವ ಆರ್‌ಟಿಪಿಎಸ್ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರ) ಎಂಟು ಘಟಕಗಳ, 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರ. ಬ್ರಿಟನ್ ಮುಚ್ಚಿತೆಂದು ನಾವೂ ನಾಳೆಯೇ ಮುಚ್ಚಬೇಕೆನ್ನುವುದು ಅನ್ಯಾಯ: ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಲ್ಲಿದ್ದಲು ಸುಟ್ಟು ಸಿರಿವಂತವಾದ ದೇಶ ಅದು, ಇಂದಿಗೂ ಅಲ್ಲಿ ಗಾಳಿಯಂತ್ರಗಳ ಜೊತೆಗೆ ಅನಿಲ ಸ್ಥಾವರಗಳು ನಡೆಯುತ್ತಿವೆ. ಮಳೆ ಕೈಕೊಟ್ಟು ಶರಾವತಿಯ ನೀರು ತಗ್ಗಿದ ವರ್ಷಗಳಲ್ಲಿ ನಾಡಿಗೆ ಬೆಳಕು ಕೊಟ್ಟದ್ದು ಇದೇ ಶಕ್ತಿನಗರ.

ಆದರೆ ನಾಲ್ಕು ದಶಕ ದುಡಿದ ಮೊದಲ ಘಟಕಗಳು ಎಂದಾದರೂ ನಿಲ್ಲಲೇಬೇಕು. ಆ ದಿನವನ್ನು ವರ್ಷಗಳ ಮೊದಲೇ ಹೇಳುವ ರೂಢಿಯನ್ನು ನಾವು ಬ್ರಿಟನ್ನಿನಿಂದ ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯಂ ನೌಕರರನ್ನು ಕರ್ನಾಟಕ ವಿದ್ಯುತ್ ನಿಗಮ ಯರಮರಸ್ ಸ್ಥಾವರಕ್ಕೋ ಬೇರೆಲ್ಲಿಗೋ ಕಳುಹಿಸಬಹುದು, ಆದರೆ ಕಲ್ಲಿದ್ದಲು ಇಳಿಸುವ, ಬೂದಿ ಸಾಗಿಸುವ ಗುತ್ತಿಗೆ ಕಾರ್ಮಿಕರಿಗೆ ವರ್ಗಾವಣೆಯ ಹಕ್ಕಿಲ್ಲ. ಅವರ ಹೆಸರುಗಳು ಮೊದಲು ಮರುತರಬೇತಿ, ಪರಿಹಾರಗಳ ಪಟ್ಟಿಗೆ ಸೇರಲಿ, ಹಾರುಬೂದಿಯ ಹೊಂಡಗಳನ್ನು ಯಾರು, ಯಾವ ಹಣದಿಂದ ಸರಿಪಡಿಸುತ್ತಾರೆಂಬುದನ್ನು ಘಟಕಗಳು ಇನ್ನೂ ಆದಾಯ ತರುತ್ತಿರುವಾಗಲೇ ನಿಗಮವೂ ಸರ್ಕಾರವೂ ಬರಹದಲ್ಲಿ ತಿಳಿಸಲಿ.