ರಥ ಕೊಟ್ಟು ರಥ ತಂದ ಕಥೆ

ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರ 50 ರೂಪಾಯಿ ಕೊಟ್ಟು ಹಂಪಿಯ ಗೈಡ್ ಪುಸ್ತಕ ಕೊಂಡೆ. ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ. ಪುಸ್ತಕದ ಮುಖಪುಟದಲ್ಲೂ ಅದೇ ರಥ. ರಥ ಕೊಟ್ಟು ರಥ ತಂದ ಹಾಗಾಯಿತು. ನೋಟಿನ ರಥದ ಅಚ್ಚು ಸ್ವಲ್ಪ ಚೆನ್ನಾಗಿತ್ತು, ಅಷ್ಟೇ.

ಸುಮ್ನೆ ಕೊಂಡದ್ದಲ್ಲ. ಮನೆಯಲ್ಲಿ ಎರಡು ಸಂಜೆ ಚರ್ಚೆ ಆಗಿತ್ತು. ಹೋಗುವ ರೈಲು ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಯಾವ ಪುಸ್ತಕ ಹಿಡಿದು ಹೋಗಬೇಕು ಅನ್ನೋದು ಮಾತ್ರ ಬಗೆಹರಿಯಲಿಲ್ಲ.

ಮೊದಲನೆಯದು ವಿದೇಶದಿಂದ ಬಂದಿದ್ದ ನಾದಿನಿ ಬಿಟ್ಟುಹೋದ ಇಂಗ್ಲಿಷ್ ಪುಸ್ತಕ. ಇಟ್ಟಿಗೆಯಷ್ಟು ದಪ್ಪ. ಇಡೀ ಇಂಡಿಯಾ ಅದರಲ್ಲಿದೆ, ಹಂಪಿಗೆ ನಾಲ್ಕೈದು ಪುಟ. ಬಾಳೆಹಣ್ಣಿನ ಪ್ಯಾನ್‌ಕೇಕ್ ಎಲ್ಲಿ ಸಿಗುತ್ತದೆ ಅಂತ ಬರೆದಿದ್ದಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲಿ ಸಿಗುತ್ತದೆ ಅಂತ ಬರೆದಿಲ್ಲ. ಉಳಿದದ್ದೆಲ್ಲ ಎಚ್ಚರಿಕೆ. ಕಂಡಕಂಡಲ್ಲಿ ನೀರು ಕುಡಿಯಬೇಡಿ. ಎಡಗೈಯಲ್ಲಿ ಊಟ ಮಾಡಬೇಡಿ. ಆಟೋ ಹತ್ತುವ ಮೊದಲೇ ರೇಟು ಮಾತಾಡಿ. ಅತ್ತೆಗೆ ಓದಿ ಹೇಳಿದೆ. ‘ಇದನ್ನ ಬರೆದೋರು ಯಾರ ಮನೆ ಅಜ್ಜಿಯೋ’ ಅಂದರು.

ಎರಡನೆಯದು ವಿದ್ವಾಂಸರ ಪುಸ್ತಕ. ಅದರಲ್ಲಿ ತಪ್ಪು ಹುಡುಕೋಕಾಗಲ್ಲ. ಅರ್ಥವಾದರೆ ತಾನೇ ತಪ್ಪು ಹುಡುಕೋದು? ಅಧಿಷ್ಠಾನ, ಕಪೋತ, ಕುಂಭಪಂಜರ ಅಂತ ಸಾಗುತ್ತದೆ. ‘ಅಪ್ಪಾ, ಕುಂಭಪಂಜರದಿಂದ ಎಡಕ್ಕೆ ಹೋದರೆ ಟಾಯ್ಲೆಟ್ ಸಿಗುತ್ತಾ?’ ಅಂತ ಮಗಳು ಕೇಳಿದಳು.

ಮೂರನೆಯದು ಪುಕ್ಕಟೆ ಸಿಕ್ಕ ಬಣ್ಣದ ಬ್ರೋಷರು. ಒಂದು ಫೋಟೋದಲ್ಲೂ ಒಬ್ಬ ಮನುಷ್ಯ ಇಲ್ಲ. ಹಂಪಿಗೆ ಭಾನುವಾರವೇ ಬರುವುದಿಲ್ಲವೇನೋ ಅನ್ನಿಸುತ್ತದೆ. ನಾಲ್ಕು ಪುಟದಲ್ಲಿ ‘ಗತವೈಭವ’ ಆರು ಸಲ ಬಂದಿದೆ. ಕುಡಿಯುವ ನೀರು ಒಂದು ಸಲವೂ ಬಂದಿಲ್ಲ.

ಹೀಗಾಗಿ ಹೊಸಪೇಟೆಯಲ್ಲೇ ನೋಡೋಣ ಅಂತ ಬಂದಿದ್ದೆವು. ಅಂಗಡಿಯವನು ‘ಹೊಸಾ ಎಡಿಷನ್ ಐತ್ರಿ ಸರ್, ತಗೊಳ್ರಿ’ ಅಂದ. ಹೊಸದಾಗಿದ್ದದ್ದು ರಟ್ಟು ಮಾತ್ರ. ಒಳಗೆ ಹಂಪಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತಲ್ಲ, ಆ ಸುದ್ದಿ ಅಚ್ಚಿನ ಮನೆ ತನಕ ಬಂದಿಲ್ಲ. ವಿರೂಪಾಕ್ಷ ಬಜಾರಿನಲ್ಲಿ ಊಟ, ವಸತಿ ಉಂಟು ಅಂತಲೂ ಇತ್ತು. ಅಲ್ಲಿದ್ದ ಅಂಗಡಿ, ಮನೆಗಳನ್ನು 2011ರಲ್ಲಿ ತೆರವು ಮಾಡಿದರು. ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳಿವೆ ಅಂದಿತ್ತು. 2020ರಲ್ಲಿ ಜೆಸಿಬಿ ಅಲ್ಲಿಗೂ ಹೋಗಿ ಬಂದಿದೆ. ಈ ಪುಸ್ತಕ ನಂಬಿ ಹೋದರೆ ನಷ್ಟವೇನಿಲ್ಲ ಬಿಡಿ. ರಾಜರ ಅರಮನೆಯ ತಳಪಾಯ ನೋಡಿದ ಹಾಗೆ ಲಾಡ್ಜಿನ ತಳಪಾಯವನ್ನೂ ನೋಡಿಕೊಂಡು ಬರಬಹುದು.

ಆದರೆ ಭಾವನಿಗೆ ಈ ಪುಸ್ತಕವೇ ಹಿಡಿಸಿತು. ಅವರಿಗೆ ಮೊದಲೇ ಗೊತ್ತಿದ್ದದ್ದೆಲ್ಲ ಅದರಲ್ಲಿತ್ತು. ಗೈಡ್ ಪುಸ್ತಕ ಆರಿಸುವುದಕ್ಕೆ ಜನ ಬಳಸುವ ಅಳತೆಗೋಲೇ ಇದು ಅಂತ ನನಗೆ ಅವತ್ತು ತಿಳಿಯಿತು.

ವಿಠ್ಠಲ ದೇವಸ್ಥಾನದ ಬಾಗಿಲ ತನಕ ಕಾರು ಬಿಡುವುದಿಲ್ಲ. ಬ್ಯಾಟರಿ ಗಾಡಿ ಹತ್ತಬೇಕು, ಅದಕ್ಕೊಂದು ಉದ್ದ ಕ್ಯೂ. ಪುಸ್ತಕದಲ್ಲಿ ಈ ಕ್ಯೂ ಇರಲಿಲ್ಲವಾದ್ದರಿಂದ ಭಾವ ಮೊದಲ ಹತ್ತು ನಿಮಿಷ ಅದನ್ನು ಒಪ್ಪಲೇ ಇಲ್ಲ. ಒಳಗೆ ಹೋದರೆ ಸಂಗೀತದ ಕಂಬಗಳು. ‘ತಟ್ಟಿದರೆ ಸರಿಗಮ ಹೊಮ್ಮುತ್ತದೆ’ ಅಂತ ಪುಸ್ತಕ. ಮುಟ್ಟಬಾರದು ಅಂತ ಕಾವಲಿನವರು. ಭಾವ ಬೆರಳು ಮಡಚಿ ಹತ್ತಿರ ಹೋಗಿದ್ದೇ ತಡ, ಸೀಟಿ ಕೇಳಿಸಿತು. ಸರಿಗಮದಲ್ಲಿ ಅದು ಯಾವ ಸ್ವರವೋ ಗೊತ್ತಾಗಲಿಲ್ಲ.

ಆಮೇಲೆ ರಥ. ಭಾವ ಪುಟ ತೆರೆದು ಜೋರಾಗಿ ಓದಿದರು. ‘ಒಂದೇ ಕಲ್ಲಿನಲ್ಲಿ ಕೆತ್ತಿದ ಏಕಶಿಲಾ ರಥ.’ ಅಕ್ಕಪಕ್ಕದವರೂ ತಲೆದೂಗಿದರು. ನಾನು ರಥದ ಹತ್ತಿರ ಹೋಗಿ ನೋಡಿದೆ. ಕಲ್ಲಿಗೆ ಕಲ್ಲು ಜೋಡಿಸಿದ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಇದು ಗರುಡನ ಗುಡಿ, ಬಿಡಿ ಬಿಡಿ ಕಲ್ಲುಗಳನ್ನು ಕೂಡಿಸಿ ಕಟ್ಟಿದ್ದು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೋದಲ್ಲಿ ಇದರ ಮೇಲೆ ಇಟ್ಟಿಗೆಯ ಶಿಖರವೂ ಇದೆ. ‘ಭಾವ, ಇಲ್ಲಿ ಸಂದು ಕಾಣ್ತಿದೆ ನೋಡಿ’ ಅಂದೆ.

‘ಅದು ಬಿರುಕು’ ಅಂದರು.

‘ಇಷ್ಟು ನೆಟ್ಟಗೆ ಬಿರುಕು ಬಿಡುತ್ತಾ?’

‘ಆಗಿನ ಕಾಲದ ಕಲ್ಲು ಕಣ್ರೀ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುತ್ತಲಿನ ನಾಲ್ಕು ಮಂದಿ ಕೈಯಲ್ಲೂ ಅದೇ ಪುಸ್ತಕ. ಬೇರೆ ಪ್ರಕಾಶಕರ ಪುಸ್ತಕ ಹಿಡಿದವರೂ ಇದ್ದರು, ಒಳಗಿನ ಸಾಲು ಮಾತ್ರ ಅದೇ. ಕಾಗುಣಿತದ ತಪ್ಪೂ ಅದೇ ಜಾಗದಲ್ಲಿ. ಇಷ್ಟೂ ಪುಸ್ತಕಗಳು ಒಂದೇ ಶಿಲೆಯಲ್ಲಿ ಕೆತ್ತಿದವು ಅಂದರೆ ನಾನೂ ಒಪ್ಪುತ್ತೇನೆ.

ಅಷ್ಟರಲ್ಲಿ ಮಗಳು ಕೂಗಿದಳು. ‘ಅಪ್ಪಾ, ಈ ಆನೆ ಹಿಂದೆ ಇನ್ಯಾವುದೋ ಪ್ರಾಣಿ ಬಾಲ ಇದೆ.’ ಅವಳ ಕೈಯಲ್ಲಿ ಪುಸ್ತಕ ಇರಲಿಲ್ಲ, ಅದಕ್ಕೇ ಕಂಡಿರಬೇಕು. ಹೌದು, ರಥಕ್ಕೆ ಮೊದಲು ಹೂಡಿದ್ದು ಕುದುರೆಗಳು. ಅವು ಹೋದ ಮೇಲೆ ಆನೆಗಳನ್ನು ತಂದು ನಿಲ್ಲಿಸಿದ್ದಾರೆ. ಕುದುರೆಯ ಹಿಂಗಾಲು, ಬಾಲ ಇನ್ನೂ ಅಲ್ಲೇ ಉಳಿದಿವೆ. ಇಡೀ ಹಂಪಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಆ ಬಾಲ. ಅಷ್ಟು ದೂರದಿಂದ ಬಂದ ಜನ ಅದರ ಮುಂದೆಯೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಬಾಲವನ್ನು ಮಾತ್ರ ನೋಡುವುದಿಲ್ಲ.

ಭಾವ ಪುಟ ತಿರುಗಿಸಿ ಹುಡುಕಿದರು. ‘ಕುದುರೆ ಅಂತ ಇಲ್ಲಿ ಎಲ್ಲೂ ಇಲ್ಲ. ಆನೆ ಅಂತಾನೇ ಇದೆ’ ಅಂದರು. ಬಾಲದ ವಿಷಯ ಅಲ್ಲಿಗೆ ಮುಗಿಯಿತು.

ಹೊರಡುವ ಮುಂಚೆ ಫೋಟೋ ಆಗಬೇಕಲ್ಲ. ಅಲ್ಲಿ ಈಗ ಎಲ್ಲರೂ ಮಾಡುವ ಹಾಗೆ ಭಾವನೂ ಜೇಬಿನಿಂದ 50 ರೂಪಾಯಿ ನೋಟು ತೆಗೆದರು. ಒಂದು ಕಣ್ಣು ಮುಚ್ಚಿ ರಥದ ಎದುರು ಹಿಡಿದರು. ನೋಟನ್ನು ನೋಡಿದರು, ರಥವನ್ನು ನೋಡಿದರು, ಮತ್ತೆ ನೋಟನ್ನು ನೋಡಿದರು. ಮುಖ ಅರಳಿತು.

‘ಕರೆಕ್ಟಾಗಿದೆ ಕಣ್ರೀ’ ಅಂದರು. ‘ನೋಟಿನಲ್ಲಿದ್ದ ಹಾಗೇ ಕಟ್ಟಿದ್ದಾರೆ.’